ಕೆಲಸದ ವೇಳೆಯ ಭೂಕಂಪ: ಕಾರ್ಯಸ್ಥಳಗಳ ಪೂರ್ವಸಿದ್ಧತೆ ಮತ್ತು ಸುರಕ್ಷತೆ

ಪೀಠಿಕೆ

ಭಾರತದಲ್ಲಿ ಕಳೆದ ಆರು ದಶಕಗಳಲ್ಲಿ ಸಂಭವಿಸಿದ ಪ್ರಮುಖ ಭೂಕಂಪಗಳನ್ನು ನೆನೆದಾಗ ಕಣ್ಣಮುಂದೆ ಬರುವುದು ಕುಸಿದ ಮನೆಗಳ ಚಿತ್ರ. ಕಚೇರಿ, ಕಾರ್ಖಾನೆ, ಗೋದಾಮು, ಆಸ್ಪತ್ರೆ, ಕಾಲೇಜು ಮುಂತಾದ ಕಾರ್ಯಸ್ಥಳಗಳು ಆ ಚಿತ್ರದಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಇದರಿಂದ ಕಾರ್ಯಸ್ಥಳಗಳು ಮನೆಗಳಿಗಿಂತ ಸುರಕ್ಷಿತವೆಂಬ ಭಾವನೆ ಬೆಳೆದಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಭೂಕಂಪಗಳು ನಡೆದ ದಿನ ಮತ್ತು ಗಂಟೆಯನ್ನು ಒಟ್ಟಿಗೆ ಇಟ್ಟು ನೋಡಿದಾಗ ಬೇರೊಂದು ಸಂಗತಿ ಗೋಚರವಾಗುತ್ತದೆ. ಅವುಗಳಲ್ಲಿ ಬಹುಪಾಲು ಕಾರ್ಯಸ್ಥಳಗಳು ಬರಿದಾಗಿದ್ದ ವೇಳೆಯಲ್ಲಿ ಸಂಭವಿಸಿದವು. ನಮ್ಮ ಕಾರ್ಯಸ್ಥಳಗಳು ಉಳಿದದ್ದು ಬಲದಿಂದಲೋ ವೇಳೆಯ ಕೃಪೆಯಿಂದಲೋ ಎಂಬ ಪ್ರಶ್ನೆಯನ್ನು ಆಧಾರವಾಗಿಟ್ಟುಕೊಂಡು, ಪೂರ್ವಸಿದ್ಧತೆಯ ವಿವಿಧ ಹಂತಗಳನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ದಿನ ಮತ್ತು ಗಂಟೆಯ ಪಾತ್ರ

1967ರ ಡಿಸೆಂಬರ್ 11ರಂದು ಮಹಾರಾಷ್ಟ್ರದ ಕೊಯ್ನಾನಗರವನ್ನು ನಡುಗಿಸಿದ ಭೂಕಂಪ ಬೆಳಗಿನ ಜಾವ 4 ಗಂಟೆ 21 ನಿಮಿಷಕ್ಕೆ ಸಂಭವಿಸಿತು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ವೇಳೆ ಬೆಳಗಿನ ಜಾವ 3 ಗಂಟೆ 56 ನಿಮಿಷ. 6.2 ಪರಿಮಾಣದ ಆ ಭೂಕಂಪದಲ್ಲಿ ಲಾತೂರು ಹಾಗೂ ಅಂದಿನ ಉಸ್ಮಾನಾಬಾದ್ ಜಿಲ್ಲೆಗಳ ಎಂಟರಿಂದ ಹತ್ತು ಸಾವಿರ ಜನ ಪ್ರಾಣ ಕಳೆದುಕೊಂಡರು. ಹೆಚ್ಚಿನವರು ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ ಮತ್ತು ಭಾರವಾದ ಮಣ್ಣಿನ ಮಾಳಿಗೆಯುಳ್ಳ ಮನೆಗಳಲ್ಲಿ ನಿದ್ರಿಸುತ್ತಿದ್ದವರು. 2001ರ ಜನವರಿ 26ರ ಭುಜ್ ಭೂಕಂಪ ಬೆಳಗ್ಗೆ 8 ಗಂಟೆ 46 ನಿಮಿಷಕ್ಕೆ ನಡೆಯಿತು. ಅಂದು ಶುಕ್ರವಾರವಾದರೂ ಗಣರಾಜ್ಯೋತ್ಸವದ ರಜೆ. 7.7 ಪರಿಮಾಣದ ಆ ಭೂಕಂಪಕ್ಕೆ ಗುಜರಾತಿನಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ನೆರೆಯ ನೇಪಾಳದಲ್ಲಿ 2015ರ ಏಪ್ರಿಲ್ 25ರ ಭೂಕಂಪ ನಡುಹಗಲಿಗೆ ಕೆಲವೇ ನಿಮಿಷ ಮುನ್ನ ಸಂಭವಿಸಿದರೂ ಅಂದು ಶನಿವಾರ, ಆ ದೇಶದ ವಾರದ ರಜೆ. ನೆಲಸಮವಾದ ಸಾವಿರಾರು ತರಗತಿಗಳಲ್ಲಿ ಅಂದು ಮಕ್ಕಳಿರಲಿಲ್ಲ.

ಇತರ ದೇಶಗಳ ಅನುಭವವೂ ಇದಕ್ಕೆ ಹೊರತಲ್ಲ. ಜಪಾನಿನ ಕೋಬೆ ನಗರದಲ್ಲಿ 1995ರ ಜನವರಿ 17ರಂದು ಬೆಳಗಿನ ಜಾವ 5 ಗಂಟೆ 46 ನಿಮಿಷಕ್ಕೆ ಭೂಮಿ ನಡುಗಿತು. ನಗರಾಡಳಿತದ ಎರಡನೆಯ ಕಟ್ಟಡದ ಆರನೆಯ ಅಂತಸ್ತು ಮೇಲಿನ ಮತ್ತು ಕೆಳಗಿನ ಅಂತಸ್ತುಗಳ ನಡುವೆ ಸಿಲುಕಿ ಜಜ್ಜಿಹೋಯಿತು. ನಾಲ್ಕು ಗಂಟೆ ತಡವಾಗಿದ್ದರೆ ಆ ಅಂತಸ್ತಿನ ಮೇಜುಗಳ ಮುಂದೆ ನೌಕರರು ಕುಳಿತಿರುತ್ತಿದ್ದರು.

ಕಾರ್ಯಸ್ಥಳಗಳ ಪರೀಕ್ಷೆ

ಕೆಲಸದ ವೇಳೆಯಲ್ಲಿ ಭೂಕಂಪವಾದರೆ ಏನಾಗುತ್ತದೆಂಬುದಕ್ಕೆ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಅನುಭವ ಸ್ಪಷ್ಟ ನಿದರ್ಶನ. 2010ರ ಸೆಪ್ಟೆಂಬರ್ 4, ಶನಿವಾರ ಬೆಳಗಿನ ಜಾವ 4 ಗಂಟೆ 35 ನಿಮಿಷಕ್ಕೆ ನಗರದ ಪಶ್ಚಿಮಕ್ಕೆ 7.1 ಪರಿಮಾಣದ ಭೂಕಂಪ ಸಂಭವಿಸಿತು. ಕಟ್ಟಡಗಳಿಗೆ ಹಾನಿಯಾಯಿತೇ ವಿನಾ ಕುಸಿತಕ್ಕೆ ಸಿಕ್ಕಿ ಯಾರೂ ಸಾಯಲಿಲ್ಲ. 2011ರ ಫೆಬ್ರವರಿ 22, ಮಂಗಳವಾರ ಮಧ್ಯಾಹ್ನ 12 ಗಂಟೆ 51 ನಿಮಿಷಕ್ಕೆ ನಡೆದ ಎರಡನೆಯ ಭೂಕಂಪದ ಪರಿಮಾಣ 6.2 ಮಾತ್ರ. ಆದರೆ ಅದರ ಕೇಂದ್ರ ನಗರಕ್ಕೆ ತೀರ ಸಮೀಪದಲ್ಲಿ, ಕಡಿಮೆ ಆಳದಲ್ಲಿತ್ತು. ಕಚೇರಿ ಅಂಗಡಿಗಳೂ ತುಂಬಿದ್ದವು. ಈ ಭೂಕಂಪಕ್ಕೆ ಬಲಿಯಾದವರು 185 ಮಂದಿ. ಅವರಲ್ಲಿ 115 ಮಂದಿ ಕ್ಯಾಂಟರ್‌ಬರಿ ಟೆಲಿವಿಷನ್ ಕಟ್ಟಡವೊಂದರಲ್ಲಿಯೂ 18 ಮಂದಿ ಮತ್ತೊಂದು ಕಚೇರಿ ಕಟ್ಟಡದಲ್ಲಿಯೂ ಮಡಿದರು. ಎಂದರೆ ಒಟ್ಟು ಸಾವಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ಎರಡೇ ಕಾರ್ಯಸ್ಥಳಗಳಲ್ಲಿ ಸಂಭವಿಸಿತು.

ಟೆಲಿವಿಷನ್ ಕಟ್ಟಡದ ಇತಿಹಾಸ ಇಲ್ಲಿ ಮುಖ್ಯವಾಗುತ್ತದೆ. ಆರು ಅಂತಸ್ತಿನ ಈ ಕಟ್ಟಡ ಹಳೆಯ ಕಾಲದ್ದೇನೂ ಅಲ್ಲ. 1986ರಲ್ಲಿ ಪರವಾನಗಿ ಪಡೆದದ್ದು. ಮೊದಲ ಭೂಕಂಪದ ನಂತರ ಅದನ್ನು ಹೊರನೋಟದಿಂದ ಪರಿಶೀಲಿಸಿ, ಬಳಕೆಗೆ ಅಡ್ಡಿಯಿಲ್ಲವೆಂದು ಹಸಿರು ಚೀಟಿ ಅಂಟಿಸಲಾಗಿತ್ತು. ಕುಸಿತದ ಬಳಿಕ ತನಿಖೆ ನಡೆಸಿದ ರಾಯಲ್ ಆಯೋಗ, ವಿನ್ಯಾಸದಲ್ಲಿ ಗಂಭೀರ ಕೊರತೆಗಳಿದ್ದವೆಂದೂ ಅಂಥ ನಕ್ಷೆಗೆ ಪರವಾನಗಿ ಕೊಡಬಾರದಿತ್ತೆಂದೂ ನಿರ್ಣಯಿಸಿತು. ನಕ್ಷೆ, ಪರವಾನಗಿ, ತಪಾಸಣೆ ಈ ಮೂರು ಹಂತಗಳಲ್ಲಿಯೂ ತಡೆಯಬಹುದಾಗಿದ್ದ ದೋಷ, ಕೊನೆಗೆ ಕೆಲವೇ ಸೆಕೆಂಡುಗಳಲ್ಲಿ ಬಯಲಾಯಿತು. ಒಳಗಿದ್ದ ನೌಕರರಿಗೂ ವಿದ್ಯಾರ್ಥಿಗಳಿಗೂ ಆ ಕ್ಷಣದಲ್ಲಿ ಮಾಡಬಹುದಾದದ್ದು ಬಹಳ ಕಡಿಮೆ ಇತ್ತು.

ಮೆಕ್ಸಿಕೊ ನಗರದ 1985ರ ಅನುಭವವನ್ನೂ ಇಲ್ಲಿ ಸ್ಮರಿಸಬೇಕು. ಅಲ್ಲಿ ಸೆಪ್ಟೆಂಬರ್ 19ರ ಬೆಳಗ್ಗೆ 7 ಗಂಟೆ ದಾಟಿದ ಕೆಲವೇ ನಿಮಿಷಗಳಲ್ಲಿ ಭೂಮಿ ನಡುಗಿತು. ಹೆಚ್ಚಿನ ಕಚೇರಿಗಳಿನ್ನೂ ತೆರೆದಿರಲಿಲ್ಲ. ಆದರೆ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಬೆಳಗಿನ ಪಾಳಿ ಆರಂಭವಾಗಿತ್ತು. ಯಂತ್ರಗಳ ಮತ್ತು ಬಟ್ಟೆಯ ಸುರುಳಿಗಳ ಭಾರ ಹೊತ್ತಿದ್ದ ಬಹುಮಹಡಿ ಕಟ್ಟಡಗಳು ಕುಸಿದು ಹೊಲಿಗೆ ಕೆಲಸದ ನೂರಾರು ಮಹಿಳೆಯರು ಮಡಿದರು. ಬದುಕುಳಿದವರು ಆ ದಿನಾಂಕವನ್ನೇ ಹೆಸರಾಗಿಟ್ಟುಕೊಂಡು ತಮ್ಮದೊಂದು ಕಾರ್ಮಿಕ ಸಂಘವನ್ನು ಕಟ್ಟಿದರು.

ಕಟ್ಟಡವೇ ಮೊದಲ ರಕ್ಷಣೆ

ಭೂಕಂಪದ ಬಲ ಮುಖ್ಯವಾಗಿ ಕಟ್ಟಡವನ್ನು ಅಡ್ಡಡ್ಡವಾಗಿ ತುಯ್ಯುತ್ತದೆ. ತನ್ನ ಮತ್ತು ತನ್ನೊಳಗಿನ ಭಾರವನ್ನು ನೇರವಾಗಿ ಹೊರಲು ಮಾತ್ರ ಕಟ್ಟಿದ ಕಟ್ಟಡ ಈ ಅಡ್ಡಬಲವನ್ನು ತಾಳಲಾರದು. ನಗರಗಳ ಬಹುಮಹಡಿ ಕಟ್ಟಡಗಳಲ್ಲಿ ಪದೇ ಪದೇ ಕಂಡುಬಂದ ದೋಷವೆಂದರೆ ‘ಮೃದು ಅಂತಸ್ತು’. ವಾಹನ ನಿಲುಗಡೆಗಾಗಿಯೋ ಅಂಗಡಿ ಮಳಿಗೆಗಳಿಗಾಗಿಯೋ ನೆಲ ಅಂತಸ್ತನ್ನು ಗೋಡೆಗಳಿಲ್ಲದೆ ಕಂಬಗಳ ಮೇಲೆ ತೆರೆದಿಡಲಾಗುತ್ತದೆ. ಮೇಲಿನ ಅಂತಸ್ತುಗಳು ಇಟ್ಟಿಗೆ ಗೋಡೆಗಳಿಂದ ತುಂಬಿ ಬಿಗಿಯಾಗಿರುತ್ತವೆ. ಹೊಲದ ಕಾವಲಿಗೆ ನಾಲ್ಕು ಕೋಲುಗಳ ಮೇಲೆ ಕಟ್ಟಿದ ಅಟ್ಟಣೆಯಂತೆ, ನೆಲ ಅಲುಗಿದಾಗ ಬಾಗುವ ಹೊರೆಯೆಲ್ಲ ಕೆಳಗಿನ ಕಂಬಗಳ ಮೇಲೆಯೇ ಬೀಳುತ್ತದೆ. ಭುಜ್ ಭೂಕಂಪದಲ್ಲಿ ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ದೂರವಿದ್ದ ಅಹಮದಾಬಾದಿನಲ್ಲಿ ಕುಸಿದ ಬಹುಮಹಡಿ ಕಟ್ಟಡಗಳಲ್ಲಿ ಇಂಥವು ಅನೇಕ.

ಭಾರತೀಯ ಮಾನಕ ಬ್ಯೂರೋದ ಭೂಕಂಪ ನಿರೋಧಕ ವಿನ್ಯಾಸ ಸಂಹಿತೆಯಾದ ಐ.ಎಸ್. 1893 ಮೊದಲು ಪ್ರಕಟವಾದದ್ದು 1962ರಲ್ಲಿ. ಭುಜ್ ದುರಂತದ ಮರುವರ್ಷ, 2002ರಲ್ಲಿ ಬಂದ ಆವೃತ್ತಿಯು ಮೃದು ಅಂತಸ್ತಿನ ಕಂಬ ತೊಲೆಗಳನ್ನು ಸಾಮಾನ್ಯ ಲೆಕ್ಕದ ಎರಡೂವರೆ ಪಟ್ಟು ಬಲಕ್ಕೆ ವಿನ್ಯಾಸಗೊಳಿಸುವ ಮಾರ್ಗವನ್ನು ಸೂಚಿಸಿತು. ಆಸ್ಪತ್ರೆ, ಶಾಲೆಯಂಥ ಕಟ್ಟಡಗಳಿಗೆ ಸಾಮಾನ್ಯ ಕಟ್ಟಡಗಳ ಒಂದೂವರೆ ಪಟ್ಟು ಬಲವನ್ನು ಸಂಹಿತೆ ವಿಧಿಸಿತ್ತು. 2016ರ ಆವೃತ್ತಿ, ಇನ್ನೂರಕ್ಕಿಂತ ಹೆಚ್ಚು ಜನ ಸೇರುವ ವಸತಿ ಹಾಗೂ ವಾಣಿಜ್ಯ ಕಟ್ಟಡಗಳಿಗೂ 1.2ರ ಗುಣಕವನ್ನು ಗೊತ್ತುಪಡಿಸಿತು. ಹೆಚ್ಚು ಜನ ದುಡಿಯುವ ಜಾಗ ಹೆಚ್ಚು ಬಲವಾಗಿರಬೇಕೆಂಬ ತತ್ತ್ವಕ್ಕೆ ಇದರಿಂದ ಅಂಕಿಯ ರೂಪ ದೊರೆಯಿತು.

1993ರಲ್ಲಿ ಪ್ರಕಟವಾದ ಐ.ಎಸ್. 13920 ಸಂಹಿತೆ ಕಾಂಕ್ರೀಟಿನೊಳಗಿನ ಕಬ್ಬಿಣದ ಜೋಡಣೆಗೆ ಸಂಬಂಧಿಸಿದ್ದು. ಕಂಬದ ಉದ್ದ ಸರಳುಗಳನ್ನು ಸುತ್ತಿ ಹಿಡಿಯುವ ಕಬ್ಬಿಣದ ಪಟ್ಟುಗಳನ್ನು, ಕಟ್ಟಡ ಕೆಲಸಗಾರರ ಮಾತಿನಲ್ಲಿ ‘ರಿಂಗು’ಗಳನ್ನು, ಕಂಬದ ತುದಿಗಳಲ್ಲಿ ಒತ್ತೊತ್ತಾಗಿ ಕಟ್ಟಬೇಕೆಂದೂ ಅವುಗಳ ಕೊನೆಯನ್ನು 135 ಡಿಗ್ರಿ ಕೋನದಲ್ಲಿ ಒಳಕ್ಕೆ ಬಗ್ಗಿಸಬೇಕೆಂದೂ ಅದು ಹೇಳುತ್ತದೆ. ಹೀಗೆ ಮಾಡಿದ ಕಂಬ ಬಿರುಕುಬಿಟ್ಟರೂ ಒಮ್ಮೆಗೇ ಪುಡಿಯಾಗದೆ, ಬಾಗಿ ನಿಂತು, ಒಳಗಿರುವವರಿಗೆ ಹೊರಬರಲು ಅವಕಾಶ ಕೊಡುತ್ತದೆ. ಇದಕ್ಕೆ ತಗಲುವ ಹೆಚ್ಚಿನ ವೆಚ್ಚ ಅಲ್ಪ. ಆದರೆ ಕಾಂಕ್ರೀಟು ಸುರಿದ ಮೇಲೆ ಒಳಗಿನ ರಿಂಗು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಬಾಡಿಗೆಗೋ ಖರೀದಿಗೋ ಕಟ್ಟಡವನ್ನು ಪಡೆಯುವ ಸಂಸ್ಥೆ ಬೆಲೆ, ವಿಸ್ತೀರ್ಣಗಳ ಜೊತೆಗೆ ವಿನ್ಯಾಸದ ದಾಖಲೆ ಮತ್ತು ರಚನಾ ಎಂಜಿನಿಯರರ ಪ್ರಮಾಣಪತ್ರವನ್ನು ಕೇಳಿ ಪಡೆಯುವುದು ಪೂರ್ವಸಿದ್ಧತೆಯ ಮೊದಲ ಹೆಜ್ಜೆ. ಹಳೆಯ ಕಟ್ಟಡದಲ್ಲಿ ಕೊರತೆ ಕಂಡರೆ ಕಂಬಗಳಿಗೆ ಹೊದಿಕೆ ಕೊಟ್ಟು, ಹೊಸ ಕಾಂಕ್ರೀಟು ಗೋಡೆಗಳನ್ನು ಸೇರಿಸಿ ಬಲಪಡಿಸಲು ಸಾಧ್ಯವಿದೆ.

ಕಟ್ಟಡದೊಳಗಿನ ವಸ್ತುಗಳು

ಕಟ್ಟಡ ನಿಂತರೂ ಅದರೊಳಗಿನ ವಸ್ತುಗಳು ಬಿದ್ದು ಪ್ರಾಣಹಾನಿಯಾಗಬಹುದು, ಕೆಲಸವೂ ನಿಲ್ಲಬಹುದು. ಅಮೆರಿಕದ ಲಾಸ್ ಏಂಜಲೀಸ್ ಸಮೀಪದ ಆಲಿವ್ ವ್ಯೂ ಆಸ್ಪತ್ರೆ ಇದಕ್ಕೆ ಪ್ರಸಿದ್ಧ ಉದಾಹರಣೆ. 1971ರ ಭೂಕಂಪದಲ್ಲಿ ಹೊಸದಾಗಿ ಕಟ್ಟಿದ್ದ ಆ ಆಸ್ಪತ್ರೆ ಸಂಪೂರ್ಣ ಕೆಟ್ಟು, ಅದನ್ನು ಕೆಡವಬೇಕಾಯಿತು. ಅದರ ಬದಲಿಗೆ ಬಹಳ ಬಲವಾಗಿ ಕಟ್ಟಿದ ಆಸ್ಪತ್ರೆ 1994ರ ಭೂಕಂಪವನ್ನು ಎದುರಿಸಿ ನಿಂತಿತು. ಆದರೆ ಬೆಂಕಿ ನಂದಿಸುವ ನೀರಿನ ಕೊಳವೆಗಳು ಒಡೆದು ಕೊಠಡಿಗಳೊಳಗೆ ನೀರು ನುಗ್ಗಿದ್ದರಿಂದ ರೋಗಿಗಳನ್ನು ಹೊರಕ್ಕೆ ಸಾಗಿಸಬೇಕಾಯಿತು. ಕಂಬಗಳಿಗೆ ಕೊಟ್ಟ ಗಮನ ಕೊಳವೆಗಳ ಹಿಡಿಕೆಗಳಿಗೂ ಸಲ್ಲಬೇಕಿತ್ತೆಂಬುದು ಎಂಜಿನಿಯರರು ಇದರಿಂದ ಕಲಿತ ಪಾಠ.

ಕಚೇರಿಗಳಲ್ಲಿ ಎತ್ತರದ ಬೀರುಗಳು, ಕಡತದ ರ‍್ಯಾಕುಗಳು, ಫಾಲ್ಸ್ ಸೀಲಿಂಗ್, ಗಾಜಿನ ಗೋಡೆ, ಕಂಪ್ಯೂಟರ್ ಸರ್ವರುಗಳ ಚೌಕಟ್ಟು, ಯು.ಪಿ.ಎಸ್. ಬ್ಯಾಟರಿಗಳ ಸಾಲು ಇವು ಮುಖ್ಯ ಅಪಾಯಗಳು. ಬೀರು ರ‍್ಯಾಕುಗಳನ್ನು ಗೋಡೆಗೆ ಉಕ್ಕಿನ ಪಟ್ಟಿಯಿಂದ ಬಿಗಿಯುವುದು, ಭಾರದ ವಸ್ತುಗಳನ್ನು ಕೆಳಗಿನ ಹಲಗೆಗಳಲ್ಲಿಡುವುದು, ಬಾಗಿಲಿನ ಬಳಿ ಬೀಳಬಲ್ಲ ಯಾವುದನ್ನೂ ಇಡದಿರುವುದು ಅಲ್ಪ ವೆಚ್ಚದ ಪರಿಹಾರಗಳು. ಗ್ರಂಥಾಲಯಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಪುಸ್ತಕ ತುಂಬಿದ ಕಪಾಟುಗಳ ಸಾಲಿನಲ್ಲಿ ಒಂದು ಉರುಳಿದರೆ ಪಕ್ಕದವೂ ಸಾಲಾಗಿ ಉರುಳುತ್ತವೆ. ಆದ್ದರಿಂದ ಕಪಾಟುಗಳನ್ನು ನೆಲಕ್ಕೆ ಬಿಗಿದು, ಮೇಲ್ಭಾಗದಲ್ಲಿಯೂ ಅಡ್ಡಪಟ್ಟಿಗಳಿಂದ ಒಂದಕ್ಕೊಂದು ಜೋಡಿಸಬೇಕು.

ಕಾರ್ಖಾನೆಗಳಲ್ಲಿ ಅಪಾಯದ ಸ್ವರೂಪ ಬೇರೆ. ಅನಿಲದ ಸಿಲಿಂಡರುಗಳನ್ನು ಸರಪಳಿಯಿಂದ ಕಟ್ಟಬೇಕು. ಒಂದಕ್ಕೊಂದು ತಗಲಿದರೆ ಹೊತ್ತಿಕೊಳ್ಳುವ ರಾಸಾಯನಿಕಗಳನ್ನು ಬೇರೆಬೇರೆ ಜಾಗದಲ್ಲಿಡಬೇಕು. ಬಾಯ್ಲರು, ಕುಲುಮೆ, ಅನಿಲ ಕೊಳವೆಗಳನ್ನು ಯಾರು, ಯಾವ ಕ್ರಮದಲ್ಲಿ ನಿಲ್ಲಿಸಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು. ಟರ್ಕಿಯ ಇಜ್ಮಿತ್ ಬಳಿ 1999ರ ಆಗಸ್ಟ್ 17ರ ಭೂಕಂಪದಲ್ಲಿ ಎಣ್ಣೆ ಶುದ್ಧೀಕರಣಾಗಾರದ ಎತ್ತರದ ಚಿಮಣಿಯೊಂದು ಕುಸಿದು, ಎಣ್ಣೆಯ ತೊಟ್ಟಿಗಳಿಗೂ ಬೆಂಕಿ ಹತ್ತಿ ದಿನಗಟ್ಟಲೆ ಉರಿಯಿತು. ಒಂದು ಕಾರ್ಖಾನೆಯ ಸಿದ್ಧತೆಯ ಕೊರತೆ ಅದರ ಆವರಣದ ಹೊರಗಿನ ಊರನ್ನೂ ಅಪಾಯಕ್ಕೆ ದೂಡಬಲ್ಲದು.

ಕಂಪನದ ಕ್ಷಣಗಳು

ಪ್ರಬಲ ಕಂಪನ ಸಾಮಾನ್ಯವಾಗಿ ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷದವರೆಗೆ ಇರುತ್ತದೆ. ಆ ಅವಧಿಯಲ್ಲಿ ಬಹುಮಹಡಿ ಕಟ್ಟಡದ ಮೇಲಿನ ಅಂತಸ್ತಿನಿಂದ ಕೆಳಗಿಳಿಯುವುದು ಅಸಾಧ್ಯ. ಓಡುವವರು ಮೆಟ್ಟಿಲಲ್ಲಿ ಬಿದ್ದು, ಕಾಲ್ತುಳಿತಕ್ಕೆ ಸಿಕ್ಕಿ, ಉದುರುವ ಗಾಜು ಇಟ್ಟಿಗೆಗಳಿಗೆ ಗುರಿಯಾಗಿ ಗಾಯಗೊಳ್ಳುತ್ತಾರೆ. ಸರಿಯಾಗಿ ಕಟ್ಟಿದ ಕಾಂಕ್ರೀಟು ಕಟ್ಟಡದೊಳಗಿರುವವರು ಕೂಡಲೇ ನೆಲಕ್ಕೆ ಬಗ್ಗಿ, ಗಟ್ಟಿಯಾದ ಮೇಜಿನಡಿ ತಲೆ ಕತ್ತುಗಳನ್ನು ಮರೆಮಾಡಿಕೊಂಡು, ಅಲುಗಾಟ ನಿಲ್ಲುವವರೆಗೆ ಮೇಜಿನ ಕಾಲನ್ನು ಹಿಡಿದಿರಬೇಕು. ಗಾಲಿಕುರ್ಚಿ ಬಳಸುವವರು ಗಾಲಿಗಳನ್ನು ತಡೆದು, ಮುಂದಕ್ಕೆ ಬಾಗಿ, ತೋಳುಗಳಿಂದ ತಲೆಯನ್ನು ರಕ್ಷಿಸಿಕೊಳ್ಳಬೇಕು. ಲಿಫ್ಟನ್ನು ಬಳಸಬಾರದು. ಯಂತ್ರದ ಮುಂದಿರುವವರು ಕೈಗೆಟಕುವಂತಿದ್ದರೆ ತುರ್ತು ನಿಲುಗಡೆಯ ಗುಂಡಿಯನ್ನು ಒತ್ತಿ ದೂರ ಸರಿಯಬೇಕು.

ಮಣ್ಣಿನ ಗಾರೆಯ ಕಲ್ಲುಗೋಡೆಯ ಹಳೆಯ ಕಟ್ಟಡಕ್ಕೆ ಈ ಸೂಚನೆಯನ್ನು ಯಾಂತ್ರಿಕವಾಗಿ ಅನ್ವಯಿಸಲಾಗದು. ಅಂಥ ಕಟ್ಟಡದ ನೆಲ ಅಂತಸ್ತಿನಲ್ಲಿ, ಬಾಗಿಲಿನ ಪಕ್ಕದಲ್ಲಿ, ಎದುರಿಗೆ ವಿಶಾಲ ಬಯಲಿರುವಲ್ಲಿ ಇರುವವರು ತಕ್ಷಣ ಹೊರಬರುವುದೇ ಲೇಸು. ಆದರೆ ‘ಹೊರಗೆ’ ಎಂದರೆ ಗೋಡೆಗಳಿಂದ ದೂರದ ಬಯಲು ಎಂದೇ ಅರ್ಥ. ಭುಜ್ ಭೂಕಂಪದ ದಿನ ಅಂಜಾರ್ ಪಟ್ಟಣದಲ್ಲಿ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿದ್ದ ಶಾಲಾಮಕ್ಕಳು ಮತ್ತು ಶಿಕ್ಷಕರು ಇಕ್ಕಟ್ಟಾದ ಬೀದಿಯ ಇಕ್ಕೆಲದ ಕಟ್ಟಡಗಳು ಮೇಲೆ ಬಿದ್ದು ಮೃತಪಟ್ಟರು. ಆದ್ದರಿಂದ ಪ್ರತಿ ಕಾರ್ಯಸ್ಥಳವೂ ತನ್ನ ಕಟ್ಟಡದ ಬಗೆ, ಸುತ್ತಲಿನ ಜಾಗ ಇವುಗಳನ್ನು ತಜ್ಞರಿಂದ ಪರೀಕ್ಷಿಸಿ, ತನಗೆ ಒಪ್ಪುವ ಸೂಚನೆಯನ್ನು ತಾನೇ ರೂಪಿಸಿಕೊಳ್ಳಬೇಕು.

ಈ ಸೂಚನೆಗಳು ಗೋಡೆಯ ಫಲಕದಲ್ಲಿ ಉಳಿದರೆ ಪ್ರಯೋಜನವಿಲ್ಲ. ಅಣಕು ಕವಾಯತಿನಿಂದ ಮೈಗೂಡಬೇಕು. ಆದರೂ ಕವಾಯತಿಗೆ ತನ್ನದೇ ಮಿತಿಯುಂಟು. ಮೆಕ್ಸಿಕೊದಲ್ಲಿ 1985ರ ದುರಂತದ ನೆನಪಿಗೆ ಸೆಪ್ಟೆಂಬರ್ 19ರಂದು ಕವಾಯತು ನಡೆಸುವ ಪದ್ಧತಿಯಿದೆ. 2017ರ ಅದೇ ದಿನ ಬೆಳಗ್ಗೆ 11 ಗಂಟೆಗೆ ಕವಾಯತು ನಡೆದ ಸುಮಾರು ಎರಡು ಗಂಟೆಗಳ ಬಳಿಕ 7.1 ಪರಿಮಾಣದ ನಿಜವಾದ ಭೂಕಂಪವೇ ಸಂಭವಿಸಿತು. ಬೆಳಗ್ಗೆಯಷ್ಟೇ ಅಭ್ಯಾಸ ಮಾಡಿದ್ದ ಜನ ಸಾವಿರಾರು ಕಟ್ಟಡಗಳಿಂದ ಹೊರಬಂದರು. ಆದರೆ ಕುಸಿದ ಕಚೇರಿ ಕಟ್ಟಡವೊಂದರಲ್ಲಿಯೇ 49 ಮಂದಿ ಮಡಿದರು. ಕವಾಯತು ಬಲವಾದ ಕಟ್ಟಡಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.

ಕಂಪನ ನಿಂತ ಮೇಲೆ

ಅಲುಗಾಟ ನಿಂತೊಡನೆ ವಿದ್ಯುತ್ತು ಮತ್ತು ಅನಿಲದ ಮುಖ್ಯ ಸಂಪರ್ಕವನ್ನು ತಪ್ಪಿಸಿ, ಮೆಟ್ಟಿಲುಗಳ ಮೂಲಕ ಕ್ರಮವಾಗಿ ಇಳಿದು, ಗೊತ್ತುಪಡಿಸಿದ ಬಯಲಿನಲ್ಲಿ ಸೇರಬೇಕು. ಅಲ್ಲಿ ತಲೆಯೆಣಿಕೆ ನಡೆಯಬೇಕು. ಕಾಯಂ ನೌಕರರ ಹಾಜರಿ ಪುಸ್ತಕವಷ್ಟೇ ಇದಕ್ಕೆ ಸಾಲದು. ಗುತ್ತಿಗೆ ಕಾರ್ಮಿಕರು, ಕಾವಲುಗಾರರು, ಕ್ಯಾಂಟೀನಿನವರು, ಸ್ವಚ್ಛತಾ ಕೆಲಸದವರು, ಅಂದು ಬಂದ ಸಂದರ್ಶಕರು ಇವರೆಲ್ಲರ ಲೆಕ್ಕ ಇರಬೇಕು. ಲೆಕ್ಕದಲ್ಲಿಲ್ಲದವನನ್ನು ಅವಶೇಷಗಳಡಿ ಹುಡುಕುವವರಿರುವುದಿಲ್ಲ. ಮರುಕಂಪನಗಳು ಬರುವುದರಿಂದ ಎಂಜಿನಿಯರರು ಪರಿಶೀಲಿಸುವವರೆಗೆ ಯಾರನ್ನೂ ಒಳಬಿಡಬಾರದು. ಹೊರನೋಟದ ಪರಿಶೀಲನೆ ಎಷ್ಟು ಅಪೂರ್ಣವಾಗಿರಬಲ್ಲದೆಂಬುದಕ್ಕೆ ಕ್ರೈಸ್ಟ್‌ಚರ್ಚಿನ ಹಸಿರು ಚೀಟಿ ಸಾಕ್ಷಿಯಾಗಿದೆ.

ಕೆಲಸದ ವೇಳೆಯ ಭೂಕಂಪ ಮತ್ತೊಂದು ಸಮಸ್ಯೆಯನ್ನೂ ತರುತ್ತದೆ. 2011ರ ಮಾರ್ಚ್ 11, ಶುಕ್ರವಾರ ಮಧ್ಯಾಹ್ನ ಜಪಾನಿನ ಈಶಾನ್ಯ ಕರಾವಳಿಯಾಚೆ ಮಹಾಭೂಕಂಪ ಸಂಭವಿಸಿದಾಗ ರೈಲು ಸಂಚಾರ ನಿಂತು, ಟೋಕಿಯೊ ಮಹಾನಗರ ವಲಯದಲ್ಲಿ ಅಂದಾಜು 51 ಲಕ್ಷ ಜನ ಮನೆಗೆ ಮರಳಲಾಗದೆ ಉಳಿದರು. ಜನರೆಲ್ಲ ಬೀದಿಗಿಳಿದರೆ ರಕ್ಷಣಾ ವಾಹನಗಳಿಗೆ ದಾರಿಯಿರುವುದಿಲ್ಲ. ಈ ಅನುಭವದಿಂದ ಟೋಕಿಯೊ ಆಡಳಿತ 2013ರ ಏಪ್ರಿಲಿನಲ್ಲಿ ಶಾಸನವೊಂದನ್ನು ಜಾರಿಗೆ ತಂದು, ನೌಕರರನ್ನು ಕೂಡಲೇ ಮನೆಗೆ ಕಳಿಸದೆ ಸುರಕ್ಷಿತ ಕಟ್ಟಡದಲ್ಲಿಯೇ ಉಳಿಸಿಕೊಳ್ಳಬೇಕೆಂದೂ ಅದಕ್ಕಾಗಿ ಮೂರು ದಿನಗಳ ನೀರು ಆಹಾರಗಳನ್ನು ದಾಸ್ತಾನಿಡಬೇಕೆಂದೂ ಸಂಸ್ಥೆಗಳಿಗೆ ಸೂಚಿಸಿತು. ತಲಾ ದಿನಕ್ಕೆ ಮೂರು ಲೀಟರಿನಂತೆ ಒಬ್ಬರಿಗೆ ಒಂಬತ್ತು ಲೀಟರು ನೀರು ಎಂಬುದು ಅದರ ಲೆಕ್ಕ.

ಕರ್ನಾಟಕದ ಸಂದರ್ಭ

ಕರ್ನಾಟಕ ಹಿಮಾಲಯದ ತಪ್ಪಲಿನಷ್ಟು ಅಪಾಯದ ಪ್ರದೇಶವಲ್ಲ. 2002ರ ಸಂಹಿತೆಯ ನಕ್ಷೆಯಲ್ಲಿ ರಾಜ್ಯದ ಹೆಚ್ಚಿನ ಭಾಗ ಕಡಿಮೆ ಅಪಾಯದ ಎರಡನೆಯ ವಲಯದಲ್ಲಿಯೂ, ಕರಾವಳಿ ಮತ್ತು ಉತ್ತರದ ಕೆಲವು ಭಾಗಗಳು ಮಧ್ಯಮ ಅಪಾಯದ ಮೂರನೆಯ ವಲಯದಲ್ಲಿಯೂ ಇದ್ದವು. ಆದರೆ ಕಿಲ್ಲಾರಿ ಪ್ರದೇಶ ಬೀದರ ಜಿಲ್ಲೆಗೆ ಹತ್ತಿರದ್ದು, ಅದೇ ದಖನ್ ಪ್ರಸ್ಥಭೂಮಿಯದು. 1993ಕ್ಕೆ ಮೊದಲು ಅದನ್ನು ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಮೊದಲನೆಯ ವಲಯದಲ್ಲಿ ತೋರಿಸಲಾಗಿತ್ತೆಂಬುದು ಗಮನಾರ್ಹ. 2021ರಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ ಸರಣಿಯಾಗಿ ಕಂಡುಬಂದ ಲಘು ಕಂಪನಗಳು ಜನರನ್ನು ರಾತ್ರಿಯ ಹೊತ್ತು ಮನೆಯ ಹೊರಗೆ ಕಳೆಯುವಂತೆ ಮಾಡಿದವು.

ಕಲಬುರಗಿಯ ತೊಗರಿಬೇಳೆ ಗಿರಣಿಗಳಲ್ಲಿ ಎತ್ತರಕ್ಕೆ ಒಟ್ಟಿದ ಚೀಲಗಳು, ಉತ್ತರದ ಜಿಲ್ಲೆಗಳ ಹಳೆಯ ಕಲ್ಲುಕಟ್ಟಡಗಳಲ್ಲಿರುವ ಕಚೇರಿಗಳು, ಕರಾವಳಿಯ ಕೈಗಾರಿಕೆಗಳ ಎಣ್ಣೆ ಮತ್ತು ರಾಸಾಯನಿಕ ದಾಸ್ತಾನು, ಬೆಂಗಳೂರಿನ ಗಾಜು ಹೊದಿಸಿದ ಮಾಹಿತಿ ತಂತ್ರಜ್ಞಾನ ಕಚೇರಿಗಳು ಇವೆಲ್ಲ ಬೇರೆಬೇರೆ ಬಗೆಯ ಸಿದ್ಧತೆಯನ್ನು ಬೇಡುತ್ತವೆ. ಬೆಂಗಳೂರು ಮತ್ತು ಸುತ್ತಲಿನ ಸಿದ್ಧ ಉಡುಪಿನ ಕಾರ್ಖಾನೆಗಳ ಸ್ಥಿತಿಯನ್ನು ಮೆಕ್ಸಿಕೊದ 1985ರ ಅನುಭವದ ಬೆಳಕಿನಲ್ಲಿ ನೋಡುವ ಅಗತ್ಯವಿದೆ. ಇಲ್ಲಿಯೂ ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು. ಒಂದೇ ಅಂಗಳದಲ್ಲಿ ನೂರಾರು ಹೊಲಿಗೆ ಯಂತ್ರಗಳಿರುತ್ತವೆ. ಇಕ್ಕಟ್ಟಿನ ಓಣಿಗಳಲ್ಲಿ ಬಟ್ಟೆಯ ರಾಶಿ, ಹೊರಬಾಗಿಲಿಗೆ ಬೀಗ ಇಂಥವು ಎಲ್ಲಿಯೇ ಇದ್ದರೂ ಬೆಂಕಿಯಲ್ಲಿಯೂ ಭೂಕಂಪದಲ್ಲಿಯೂ ಸಮಾನವಾಗಿ ಮಾರಕ.

ದೂರದ ಭೂಕಂಪವೂ ಲೆಕ್ಕಕ್ಕೆ ಬರುತ್ತದೆ. 2025ರ ಮಾರ್ಚ್ 28ರಂದು ಮ್ಯಾನ್ಮಾರಿನಲ್ಲಿ 7.7 ಪರಿಮಾಣದ ಭೂಕಂಪವಾದಾಗ ಸುಮಾರು ಸಾವಿರ ಕಿಲೋಮೀಟರ್ ದೂರದ ಬ್ಯಾಂಕಾಕಿನಲ್ಲಿ, ಮೂವತ್ತಕ್ಕೂ ಹೆಚ್ಚು ಅಂತಸ್ತುಗಳಿಗೆ ಏರಿದ್ದ ನಿರ್ಮಾಣ ಹಂತದ ಕಟ್ಟಡವೊಂದು ಕೆಲಸಗಾರರ ಸಮೇತ ಕುಸಿಯಿತು. ಆ ನಗರದ ಪೂರ್ಣಗೊಂಡ ಗಗನಚುಂಬಿಗಳು ತೂಗಾಡಿದರೂ ನಿಂತವು. ಬ್ಯಾಂಕಾಕಿನ ಮೃದುವಾದ ಜೇಡಿಮಣ್ಣಿನ ನೆಲ ದೂರದಿಂದ ಬಂದ ನಿಧಾನಗತಿಯ ಅಲೆಗಳನ್ನು ಹಿಗ್ಗಿಸುತ್ತದೆ. ಬೆಂಗಳೂರಿನ ನೆಲ ಅಂಥದಲ್ಲ. ಆದರೂ ಕಟ್ಟಡ ನಿರ್ಮಾಣದ ಸ್ಥಳ ಕೂಡ ಒಂದು ಕಾರ್ಯಸ್ಥಳವೆಂಬುದನ್ನು ಈ ಘಟನೆ ನೆನಪಿಸುತ್ತದೆ. ಅಲ್ಲಿ ದುಡಿಯುವವರ ಹೆಸರು ಹಲವು ಬಾರಿ ಯಾವ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ.

ಉಪಸಂಹಾರ

ಭೂಕಂಪದ ದಿನ ಮತ್ತು ಗಂಟೆಯನ್ನು ಮುಂಚಿತವಾಗಿ ಹೇಳುವ ವಿಧಾನ ವಿಜ್ಞಾನಕ್ಕೆ ಇನ್ನೂ ದಕ್ಕಿಲ್ಲ. ಹೀಗಿರುವಾಗ ಕಾರ್ಯಸ್ಥಳಗಳ ಸುರಕ್ಷತೆಯನ್ನು ರಜೆಯ ದಿನದ ಮೇಲೆಯೋ ಬೆಳಗಿನ ಜಾವದ ಮೇಲೆಯೋ ಬಿಡಲಾಗದು. ಮೇಲೆ ವಿವರಿಸಿದ ಕ್ರಮಗಳಲ್ಲಿ ಕಟ್ಟಡದ ಬಲವರ್ಧನೆಗೆ ಮಾತ್ರ ಹೆಚ್ಚಿನ ಹಣ ಬೇಕು. ಬೀರು ಬಿಗಿಯುವುದು, ದಾರಿ ತೆರವಿಡುವುದು, ಎಲ್ಲರ ಹೆಸರನ್ನೂ ಲೆಕ್ಕಕ್ಕೆ ತರುವುದು, ಕವಾಯತು ನಡೆಸುವುದು ಇವು ಸಂಕಲ್ಪದಿಂದಲೇ ಆಗುವ ಕೆಲಸಗಳು. ಬೆಂಕಿ ಅವಘಡದಲ್ಲಿಯೂ ಒದಗುವಂಥವು. ಕೆಲಸಕ್ಕೆಂದು ಬೆಳಗ್ಗೆ ಮನೆಬಿಟ್ಟವರು ತಾವು ಹೋಗುವ ಕಟ್ಟಡವನ್ನು ಆರಿಸಿಕೊಂಡಿರುವುದಿಲ್ಲ, ಅದರ ಕಂಬದೊಳಗಿನ ಕಬ್ಬಿಣವನ್ನು ನೋಡಿರುವುದೂ ಇಲ್ಲ. ಅದನ್ನು ಆರಿಸಿದವರು, ಕಟ್ಟಿದವರು, ಪರವಾನಗಿ ಕೊಟ್ಟವರು, ನಡೆಸುವವರು ಈ ಹೊಣೆಯನ್ನು ಭೂಮಿ ನಿಶ್ಚಲವಾಗಿರುವಾಗಲೇ ನಿರ್ವಹಿಸಬೇಕಾಗುತ್ತದೆ.